ಪೆನ್‌ಡ್ರೈವ್ ಹಾಕಿದರೆ ಮದುವೆ ಏಕೆ ಓಡುವುದಿಲ್ಲ?

ಬೇಸಿಗೆಯ ಮದುವೆಗಳು ಮುಗಿಯುವ ಹೊತ್ತಿಗೆ ಬಾಗಲಕೋಟೆ, ಜಮಖಂಡಿ, ಮುಧೋಳದ ಫೋಟೊ ಸ್ಟುಡಿಯೊಗಳಿಗೆ ದೂರುಗಳು ಬರತೊಡಗುತ್ತವೆ. ಟಿವಿಯಲ್ಲಿ ಚಿತ್ರ ಬರುತ್ತದೆ, ಧ್ವನಿ ಇಲ್ಲ. ಧ್ವನಿ ಇದೆ, ತುಟಿಗೆ ಹೊಂದುವುದಿಲ್ಲ. ಅಕ್ಕನ ಮದುವೆಯ ಹಳೆಯ ಡಿವಿಡಿಯನ್ನು ಮೊಬೈಲ್‌ಗೆ ಇಳಿಸಿದರೆ ಬೀಗರೆಲ್ಲ ಸೊರಗಿದಂತೆ ಕಾಣುತ್ತಾರೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಇಂಟರ್‌ನೆಟ್ಟಿನಲ್ಲಿ ಕೈಗೆ ಸಿಕ್ಕ ಕನ್ವರ್ಟರ್‌ಗೆ ಫೈಲನ್ನು ಹಾಕಿ ಎಂಪಿ4 ಮಾಡುವುದು. ಸರಿಹೋಗದಿದ್ದರೆ ಆ ಎಂಪಿ4 ಅನ್ನೇ ಇನ್ನೊಮ್ಮೆ ಹಾಕುವುದು. ಹೀಗೆ ಎನ್‌ಕೋಡ್ ಮಾಡಿದ, ಅಂದರೆ ಹೊಸದಾಗಿ ಕುಗ್ಗಿಸಿ ಬರೆದ, ಪ್ರತಿ ಸಲವೂ ಚಿತ್ರದ ಒಂದಿಷ್ಟು ವಿವರ ಸೋರಿ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಕೆಟ್ಟಿರುವುದು ಯಾವ ಭಾಗ ಎಂದು ತಿಳಿಯದೆ ‘ಸ್ಟಾರ್ಟ್’ ಗುಂಡಿಗೆ ಕೈ ಹಾಕಬಾರದು.

ಬೇಕಾಗುವ ತಂತ್ರಾಂಶಗಳು ನಾಲ್ಕು: ಮೀಡಿಯಾಇನ್ಫೊ, ವಿಎಲ್‌ಸಿ, ಅವಿಡೆಮಕ್ಸ್ ಮತ್ತು ಹ್ಯಾಂಡ್‌ಬ್ರೇಕ್. ನಾಲ್ಕೂ ಉಚಿತ. ಅವುಗಳ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿಗಳನ್ನು ನಂಬಬೇಡಿ.

ಮೊದಲು ಒಳಗೇನಿದೆ ನೋಡಿ

ಎಂಪಿ4, ಎಂಕೆವಿ, ಎವಿಐ, ಎಂಒವಿ ಎಂಬವು ಡಬ್ಬಿಗಳ ಹೆಸರು ಮಾತ್ರ. ಇಳಕಲ್ ಸೀರೆಯ ಡಬ್ಬಿಯಲ್ಲಿ ಬೇರೆ ಸೀರೆ ಇಟ್ಟು ಮಾರಿದರೆ ಡಬ್ಬಿಯ ಮೇಲಿನ ಹೆಸರು ನೋಡಿ ಪ್ರಯೋಜನವಿಲ್ಲ; ಬಿಚ್ಚಿ ನೋಡಬೇಕು. ಒಳಗಿರುವ ಚಿತ್ರ ಎಚ್.264 ಆಗಿರಬಹುದು, ಎಚ್‌ಇವಿಸಿ ಆಗಿರಬಹುದು, ಡಿವಿಡಿ ಕಾಲದ ಎಂಪೆಗ್-2 ಆಗಿರಬಹುದು. ಧ್ವನಿಯೂ ಹಾಗೆಯೇ: ಎಎಸಿ, ಎಸಿ3, ಡಿಟಿಎಸ್.

ಮೀಡಿಯಾಇನ್ಫೊದಲ್ಲಿ ಫೈಲ್ ತೆರೆದು ಆರು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಚಿತ್ರದ ಕೋಡೆಕ್ (ಕುಗ್ಗಿಸಿ ಬರೆದ ವಿಧಾನ), ಬಿಟ್ ಡೆಪ್ತ್ (ಬಣ್ಣ ಬರೆಯಲು ಬಳಸಿದ ಬಿಟ್‌ಗಳು) 8 ಅಥವಾ 10, ಅಗಲ–ಎತ್ತರ, ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) ಸ್ಥಿರವೋ ಬದಲಾಗುವಂಥದ್ದೋ, ಸ್ಕ್ಯಾನ್ ಟೈಪ್ (ಫ್ರೇಮ್ ಇಡಿಯಾಗಿದೆಯೋ ಎರಡು ಕಂತಿನಲ್ಲಿದೆಯೋ), ಧ್ವನಿಯ ಕೋಡೆಕ್. ಅರ್ಧ ಸಮಸ್ಯೆಗಳ ಉತ್ತರ ಈ ಚೀಟಿಯಲ್ಲೇ ಇರುತ್ತದೆ. ಎಚ್.264 ಮಾನದಂಡ 2003ರದು, ಎಚ್‌ಇವಿಸಿ 2013ರದು. ಮನೆಯ ಟಿವಿ ಹತ್ತು-ಹನ್ನೆರಡು ವರ್ಷ ಹಳೆಯದಾಗಿದ್ದು ಫೈಲ್ ಎಚ್‌ಇವಿಸಿ ಆಗಿದ್ದರೆ ಅದು ಓಡದಿರುವುದರಲ್ಲಿ ಆಶ್ಚರ್ಯವಿಲ್ಲ. ಎಚ್.264 ಆಗಿದ್ದೂ 10 ಬಿಟ್ ಇದ್ದರೆ ಹೊಸ ಟಿವಿಗಳೂ ಎಷ್ಟೋ ಸಲ ಕೈಚೆಲ್ಲುತ್ತವೆ. ಎಲ್ಲ ಕಡೆ ಓಡಬೇಕೆಂದರೆ 8 ಬಿಟ್ ಎಚ್.264 ಚಿತ್ರ, ಎಎಸಿ ಧ್ವನಿ, ಎಂಪಿ4 ಡಬ್ಬಿ. ಈ ಜೋಡಣೆಯನ್ನು ಒಲ್ಲೆನೆನ್ನುವ ಟಿವಿ ಅಪರೂಪ.

ಚಿತ್ರ ಎಚ್.264 ಇದ್ದು ಡಬ್ಬಿ ಮಾತ್ರ ಎಂಕೆವಿ ಆಗಿದ್ದರೆ ಎನ್‌ಕೋಡ್ ಮಾಡುವ ಅಗತ್ಯವೇ ಇಲ್ಲ. ಅವಿಡೆಮಕ್ಸ್‌ನಲ್ಲಿ ಫೈಲ್ ತೆರೆದು, ಎಡಬದಿಯಲ್ಲಿ ಚಿತ್ರ ಮತ್ತು ಧ್ವನಿ ಎರಡಕ್ಕೂ ‘ಕಾಪಿ’ ಆರಿಸಿ, ಕೆಳಗೆ ‘ಎಂಪಿ4 ಮಕ್ಸರ್’ ಕೊಟ್ಟು ಉಳಿಸಿ. ಗಂಟೆಗಟ್ಟಲೆ ಹಿಡಿಯುವ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಚಿತ್ರದ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಹ್ಯಾಂಡ್‌ಬ್ರೇಕ್‌ಗೆ ಈ ಕೆಲಸ ಬಾರದು. ಅದಕ್ಕೆ ಏನು ಕೊಟ್ಟರೂ ಚಿತ್ರವನ್ನು ಹೊಸದಾಗಿ ಎನ್‌ಕೋಡ್ ಮಾಡಿಯೇ ಕೊಡುತ್ತದೆ.

ಧ್ವನಿ ಇಲ್ಲ, ಅಥವಾ ತಡವಾಗಿ ಬರುತ್ತದೆ

ಧ್ವನಿಯೇ ಇಲ್ಲದಿದ್ದರೆ ಚೀಟಿ ನೋಡಿ. ಎಸಿ3 ಅಥವಾ ಡಿಟಿಎಸ್ ಎಂದಿದ್ದರೆ ಟಿವಿಗೆ ಆ ಧ್ವನಿಯನ್ನು ಬಿಚ್ಚುವ ಸಾಮರ್ಥ್ಯ ಇಲ್ಲದಿರಬಹುದು. ಮೊದಲಿನಂತೆಯೇ ಅವಿಡೆಮಕ್ಸ್‌ನಲ್ಲಿ ಚಿತ್ರಕ್ಕೆ ‘ಕಾಪಿ’ಯನ್ನೇ ಉಳಿಸಿಕೊಂಡು, ಧ್ವನಿಗೆ ಮಾತ್ರ ಎಎಸಿ ಆರಿಸಿ.

ಧ್ವನಿ ಹೊಂದದಿರುವುದು ಇದಕ್ಕಿಂತ ತೊಡಕಿನ ವಿಷಯ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ: ಅಂತರ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇದೆಯೋ, ಅಥವಾ ಹೋಗುತ್ತ ಹೋಗುತ್ತ ಬೆಳೆಯುತ್ತದೆಯೋ? ಮಾತನಾಡುವವರ ತುಟಿ ನೋಡಿ ಇದನ್ನು ಅಳೆಯುವುದು ಕಷ್ಟ. ನಮ್ಮ ಕಡೆಯ ಮೆರವಣಿಗೆಗಳಲ್ಲಿ ಕರಡಿ ಎಂಬ ಚರ್ಮವಾದ್ಯದ ಮೇಳ, ಕರಡಿ ಮಜಲು, ಇದ್ದೇ ಇರುತ್ತದೆಯಲ್ಲ, ಅದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ವಿಎಲ್‌ಸಿಯಲ್ಲಿ ಆ ಭಾಗಕ್ಕೆ ಹೋಗಿ, ಕೋಲು ಚರ್ಮಕ್ಕೆ ತಾಗುವ ಕ್ಷಣ ಹಾಗೂ ಪೆಟ್ಟಿನ ಸದ್ದು ಕೂಡುವವರೆಗೆ ಕೀಲಿಮಣೆಯ ಜೆ ಅಥವಾ ಕೆ ಒತ್ತುತ್ತ ಹೋಗಿ. ಒಂದು ಒತ್ತಿಗೆ ಧ್ವನಿ 50 ಮಿಲಿಸೆಕೆಂಡ್ ಸರಿಯುತ್ತದೆ. ಎಷ್ಟಾಯಿತೆಂಬುದು ಪರದೆಯ ಮೇಲೆಯೇ ಕಾಣುತ್ತದೆ. ವಿಡಿಯೊದ ಆರಂಭದಲ್ಲೊಮ್ಮೆ, ಕೊನೆಯ ಭಾಗದಲ್ಲೊಮ್ಮೆ ಹೀಗೆ ಅಳೆಯಿರಿ.

ಎರಡೂ ಕಡೆ ಒಂದೇ ಅಂಕಿ ಬಂದರೆ ಕೆಲಸ ಸುಲಭ. ಅವಿಡೆಮಕ್ಸ್‌ನ ಧ್ವನಿ ವಿಭಾಗದಲ್ಲಿ ‘ಶಿಫ್ಟ್’ ಎಂಬ ಮನೆಯಿದೆ. ಅಲ್ಲಿ ಆ ಅಂಕಿಯನ್ನು ಕೊಟ್ಟು, ‘ಕಾಪಿ’ಯಲ್ಲೇ ಉಳಿಸಿ. ಅಂತರ ಹೆಚ್ಚಿತೆಂದು ಕಂಡರೆ ಅಂಕಿಯ ಮುಂದೆ ಋಣ ಚಿಹ್ನೆ (−) ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಹಾಕಿ.

ಅಂತರ ಬೆಳೆಯುತ್ತ ಹೋದರೆ ಕಾರಣ ಫ್ರೇಮ್‌ರೇಟ್. ಮೊಬೈಲ್ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ ಎಂದು ಹೇಳಿಕೊಂಡರೂ ಮಬ್ಬು ಬೆಳಕಿನಲ್ಲಿ 24ಕ್ಕೋ 20ಕ್ಕೋ ಇಳಿಯಬಹುದು. ರಾತ್ರಿಯ ಬಯಲಾಟದ ವಿಡಿಯೊಗಳಲ್ಲಿ ಇದು ಸಾಮಾನ್ಯ. ಫೈಲಿನೊಳಗೆ ಪ್ರತಿ ಫ್ರೇಮಿನ ಸಮಯ ಸರಿಯಾಗಿಯೇ ಬರೆದಿರುತ್ತದೆ, ಹಾಗಾಗಿ ಮೊಬೈಲಿನಲ್ಲಿ ಸರಿ ಓಡುತ್ತದೆ. ಎಡಿಟಿಂಗ್ ತಂತ್ರಾಂಶ ಅದನ್ನು ಲೆಕ್ಕಿಸದೆ ಎಲ್ಲವೂ ಸಮ ಅಂತರದಲ್ಲಿವೆ ಎಂದುಕೊಂಡರೆ ಕೆಡುತ್ತದೆ. 29.97 ಫ್ರೇಮಿನ ವಿಡಿಯೊವನ್ನು ಸರಿಯಾಗಿ 30 ಎಂದು ಓದಿದರೂ ಸಾಕು, ಒಂದು ಗಂಟೆಯಲ್ಲಿ ಸುಮಾರು ಮೂರೂವರೆ ಸೆಕೆಂಡ್ ತಪ್ಪುತ್ತದೆ. ಇದಕ್ಕೆ ‘ಶಿಫ್ಟ್’ ಕೊಟ್ಟು ಪ್ರಯೋಜನವಿಲ್ಲ. ಮೊಬೈಲಿನ ಮೂಲ ಫೈಲನ್ನು ಹ್ಯಾಂಡ್‌ಬ್ರೇಕ್‌ಗೆ ಕೊಟ್ಟು, ‘ವಿಡಿಯೊ’ ಟ್ಯಾಬ್‌ನಲ್ಲಿ ಫ್ರೇಮ್‌ರೇಟ್ 30 ಮತ್ತು ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ. ಎಡಿಟಿಂಗ್‌ಗೆ ಕೂರುವ ಮೊದಲೇ ಇದನ್ನು ಮಾಡಬೇಕು, ಆಮೇಲಲ್ಲ.

ಹಳೆಯ ಮದುವೆ ಡಿವಿಡಿ

ಡಿವಿಡಿಯನ್ನು ಕಂಪ್ಯೂಟರಿಗೆ ಹಾಕಿದರೆ ‘ವಿಡಿಯೊ ಟಿಎಸ್’ ಎಂಬ ಫೋಲ್ಡರ್, ಅದರೊಳಗೆ ವಿಒಬಿ ಎಂಬ ಬಾಲದ ಫೈಲುಗಳು ಕಾಣುತ್ತವೆ. ಒಂದೊಂದೂ ಹೆಚ್ಚೆಂದರೆ 1 ಜಿಬಿ. ಎಷ್ಟೋ ಜನ ಅವುಗಳಲ್ಲಿ ದೊಡ್ಡದೊಂದನ್ನು ಎಳೆದು ಕನ್ವರ್ಟರ್‌ಗೆ ಹಾಕುತ್ತಾರೆ. ಸುಮಾರು ಇಪ್ಪತ್ತು ನಿಮಿಷಕ್ಕೆ, ಅಕ್ಷತೆ ಬೀಳುವ ಮೊದಲೇ, ಮದುವೆ ಮುಗಿದುಹೋಗುತ್ತದೆ. ಇಡೀ ಫೋಲ್ಡರನ್ನು ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿಕೊಂಡು, ಹ್ಯಾಂಡ್‌ಬ್ರೇಕ್‌ಗೆ ಫೋಲ್ಡರನ್ನೇ ತೋರಿಸಿ. ಗೀಚು ಬಿದ್ದ ಡಿವಿಡಿಯಿಂದ ನೇರವಾಗಿ ಎನ್‌ಕೋಡ್ ಮಾಡಲು ಹೋದರೆ ನಡುವೆ ಎಲ್ಲೋ ಸಿಕ್ಕಿ ನಿಲ್ಲುತ್ತದೆ.

ಮುಂದಿನದು ಬಾಚಣಿಗೆಯ ಹಲ್ಲಿನಂಥ ಗೆರೆಗಳು. ವಧು ತಲೆ ತಿರುಗಿಸಿದಾಗ, ಸೆರಗು ಹಾರಿದಾಗ ಅಂಚುಗಳು ಅಡ್ಡಡ್ಡ ಸೀಳಿದಂತೆ ಕಾಣುತ್ತವೆ. ನಮ್ಮ ದೇಶದ ಡಿವಿಡಿಗಳು ಪಾಲ್ ಪದ್ಧತಿಯವು: 720×576 ಚುಕ್ಕೆ, ಸೆಕೆಂಡಿಗೆ 25 ಫ್ರೇಮ್. ಆದರೆ ಕ್ಯಾಸೆಟ್ ಕ್ಯಾಮೆರಾ ಆ ಒಂದೊಂದು ಫ್ರೇಮನ್ನೂ ಎರಡು ಕಂತಿನಲ್ಲಿ ತೆಗೆಯುತ್ತಿತ್ತು. ಮೊದಲು ಒಂದು ಬಿಟ್ಟು ಒಂದು ಸಾಲು, ಸೆಕೆಂಡಿನ ಐವತ್ತನೇ ಒಂದು ಭಾಗದ ನಂತರ ಉಳಿದ ಸಾಲುಗಳು. ಹಳೆಯ ಡಬ್ಬಾ ಟಿವಿ ಅವನ್ನು ಅದೇ ಕ್ರಮದಲ್ಲಿ ತೋರಿಸುತ್ತಿದ್ದುದರಿಂದ ಏನೂ ಅನಿಸುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ತೋರಿಸುವ ಮೊಬೈಲಿನಲ್ಲಿ ಹಲ್ಲು ಏಳುತ್ತವೆ. ಹ್ಯಾಂಡ್‌ಬ್ರೇಕ್‌ನ ‘ಫಿಲ್ಟರ್ಸ್’ ಟ್ಯಾಬ್‌ನಲ್ಲಿ ಈ ಗೆರೆ ತೆಗೆಯುವ ‘ಡಿಇಂಟರ್‌ಲೇಸ್’ಗೆ ‘ಬ್ವಾಡಿಫ್’ ಅಥವಾ ‘ಯಾಡಿಫ್’, ಅದರ ಪಕ್ಕ ‘ಬಾಬ್’ (ಒಂದೊಂದು ಕಂತನ್ನೂ ಒಂದು ಪೂರ್ಣ ಫ್ರೇಮ್ ಮಾಡುವುದು) ಆರಿಸಿ, ಫ್ರೇಮ್‌ರೇಟ್ 50 ಇಡಿ. 25 ಇಟ್ಟರೂ ಹಲ್ಲು ಹೋಗುತ್ತವೆ, ಆದರೆ ಕುಣಿತದ ಓಟ ಅರ್ಧ ಕಳೆದು ಕುಂಟುತ್ತದೆ. ಒಂದು ಎಚ್ಚರಿಕೆ: ಗೆರೆ ತೆಗೆಯುವ ಮೊದಲು ಚಿತ್ರದ ಅಳತೆಯನ್ನು ಬದಲಿಸಿದರೆ ಸಾಲುಗಳು ಒಂದರೊಳಗೊಂದು ಕಲಸಿ ಹೋಗುತ್ತವೆ. ಹಾಗೆ ಕೆಟ್ಟ ಫೈಲನ್ನು ಯಾವ ಫಿಲ್ಟರೂ ಸರಿಮಾಡದು, ಮತ್ತೆ ಡಿವಿಡಿಗೇ ಹೋಗಬೇಕು.

ಸೊರಗಿದ ಬೀಗರ ಕಥೆಯೂ ಇಲ್ಲಿಯದೇ. ಡಿವಿಡಿಯ ಚುಕ್ಕೆಗಳು ಚೌಕವಲ್ಲ. ಅದೇ 720×576 ಚಿತ್ರ 4:3 ಆಗಿದ್ದರೆ ಸುಮಾರು 768×576 ಆಗಿ, 16:9 ಆಗಿದ್ದರೆ 1024×576 ಆಗಿ ಹಿಗ್ಗಿ ಕಾಣಬೇಕು. ಹಿಗ್ಗಿಸಬೇಕೆಂಬ ಸೂಚನೆ ಕನ್ವರ್ಟರ್‌ನಲ್ಲಿ ಕಳೆದುಹೋದರೆ ಜನ ಸೊರಗುತ್ತಾರೆ. 4:3 ಚಿತ್ರವನ್ನು ಟಿವಿಯ ತುಂಬ ಎಳೆದರೆ ಎಲ್ಲರೂ ಉಬ್ಬುತ್ತಾರೆ. ‘ಡೈಮೆನ್ಶನ್ಸ್’ ಟ್ಯಾಬ್‌ನಲ್ಲಿ ಈ ಹಿಗ್ಗಿಸುವ ಸೂಚನೆಗೆ ಸಂಬಂಧಿಸಿದ ‘ಅನಮಾರ್ಫಿಕ್’ ಅನ್ನು ‘ಆಟೊಮ್ಯಾಟಿಕ್’ನಲ್ಲೇ ಇರಲು ಬಿಡಿ. ಟಿವಿ ಅದನ್ನೂ ಗೌರವಿಸದಿದ್ದರೆ ‘ನನ್’ (None) ಮಾಡಿ ಮೇಲಿನ ಅಳತೆಯನ್ನೇ ಕೊಡಿ. 1080ಕ್ಕೆ ಏರಿಸಿ ಕೊಡಿ ಎಂದು ಗಿರಾಕಿಗಳು ಕೇಳುತ್ತಾರೆ. ಇಲ್ಲದ ವಿವರ ಅದರಿಂದ ಬರುವುದಿಲ್ಲ, ಫೈಲ್ ಮಾತ್ರ ಊದಿಕೊಳ್ಳುತ್ತದೆ.

ಭಂಡಾರ ಹಾರಿದಲ್ಲಿ ಚಿತ್ರ ಒಡೆಯುತ್ತದೆ

ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯ ವಿಡಿಯೊ ಎನ್‌ಕೋಡ್ ಮಾಡಿದವರಿಗೆ ಇದು ಗೊತ್ತಿರುತ್ತದೆ. ಗುಡಿ, ಜನ, ಪಲ್ಲಕ್ಕಿ ಎಲ್ಲ ಸ್ಪಷ್ಟ. ಭಂಡಾರ (ಅರಿಶಿನ ಪುಡಿ) ಎರಚಿದ ಕೂಡಲೇ ಪರದೆ ಹಳದಿ ಚೌಕಗಳ ರಾಶಿಯಾಗುತ್ತದೆ. ಎನ್‌ಕೋಡರ್ ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಹಿಂದಿನ ಫ್ರೇಮಿನಿಂದ ಯಾವ ತುಂಡು ಎಲ್ಲಿಗೆ ಸರಿಯಿತು ಎಂದಷ್ಟೇ ಬರೆದು ಜಾಗ ಉಳಿಸುತ್ತದೆ. ಗಾಳಿಯಲ್ಲಿ ಒಂದೊಂದು ಕಣವೂ ಒಂದೊಂದು ದಿಕ್ಕಿಗೆ ಹಾರುವಾಗ ಹಿಂದಿನದನ್ನು ನೆಚ್ಚಿ ಬರೆಯಲು ಏನೂ ಉಳಿಯುವುದಿಲ್ಲ. ಕೊಟ್ಟ ಬಿಟ್‌ಗಳು ಸಾಲದೆ ಚಿತ್ರ ಚೌಕಗಳಾಗಿ ಒಡೆಯುತ್ತದೆ.

ಆದ್ದರಿಂದ ಸೆಕೆಂಡಿಗೆ ಸರಾಸರಿ ಇಷ್ಟೇ ಬಿಟ್ ಎನ್ನುವ ‘ಆವರೇಜ್ ಬಿಟ್‌ರೇಟ್’ ಬಿಟ್ಟು, ಗುಣಮಟ್ಟವನ್ನು ಒಂದೇ ಸಮ ಇಡುವ ‘ಕಾನ್‌ಸ್ಟಂಟ್ ಕ್ವಾಲಿಟಿ’ ಆರಿಸಿ. ಹ್ಯಾಂಡ್‌ಬ್ರೇಕ್‌ನವರೇ ಸೂಚಿಸುವಂತೆ ಡಿವಿಡಿ ಅಳತೆಯ ಚಿತ್ರಕ್ಕೆ ಆರ್‌ಎಫ್ (ಗುಣಮಟ್ಟದ ಅಂಕಿ) 18ರಿಂದ 22, 1080ಕ್ಕೆ 20ರಿಂದ 24. ಅಂಕಿ ಇಳಿದಷ್ಟೂ ಗುಣಮಟ್ಟ ಏರುತ್ತದೆ. ಆರು ಇಳಿಸಿದರೆ ಫೈಲ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸುಮ್ಮನೆ ನಿಂತ ದೃಶ್ಯಕ್ಕೆ ಕಡಿಮೆ, ಭಂಡಾರಕ್ಕೆ ಹೆಚ್ಚು ಎಂದು ಬಿಟ್‌ಗಳನ್ನು ಎನ್‌ಕೋಡರ್ ತಾನೇ ಹಂಚಿಕೊಳ್ಳುತ್ತದೆ. ಎನ್‌ಕೋಡರ್ ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಹೆಸರಿರುವವು ಬೇಗ ಮುಗಿಸುತ್ತವೆ. ಇಂಥ ದೃಶ್ಯವಿದ್ದರೆ ನಾನು ಮಾತ್ರ ಪ್ರೊಸೆಸರ್‌ನಲ್ಲೇ ಓಡುವ ‘ಎಕ್ಸ್264’ ಆರಿಸಿ, ರಾತ್ರಿಯಿಡೀ ಓಡಿದರೂ ಓಡಲಿ ಎಂದು ಬಿಡುತ್ತೇನೆ.

ಇಡೀ ವಿಡಿಯೊ ಮುಗಿಯುವವರೆಗೆ ಕಾದು ಕೂರಬೇಕಿಲ್ಲ. ‘ರೇಂಜ್’ ಎಂಬಲ್ಲಿ ‘ಸೆಕೆಂಡ್ಸ್’ ಆರಿಸಿ, ಎಲ್ಲಕ್ಕಿಂತ ಕಷ್ಟದ ಒಂದೇ ನಿಮಿಷವನ್ನು ಎನ್‌ಕೋಡ್ ಮಾಡಿ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ, ಓಡಬೇಕಾದ ಟಿವಿಯಲ್ಲೇ ನೋಡಿ. ಲ್ಯಾಪ್‌ಟಾಪ್‌ನ ಪರದೆಯಲ್ಲಿ ಸರಿ ಕಂಡದ್ದು ಲೆಕ್ಕಕ್ಕಿಲ್ಲ.

ಸಣ್ಣಪುಟ್ಟವು

ಜಾಗ ಖಾಲಿಯಿದ್ದರೂ ಪೆನ್‌ಡ್ರೈವ್ ಫೈಲನ್ನು ಒಳಗೆ ಬಿಡದಿದ್ದರೆ ಅದು ಫ್ಯಾಟ್32 ವಿನ್ಯಾಸದ್ದು. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂಟಿ ಫೈಲ್ ಹಿಡಿಸದು. ಟಿವಿ ಓದುವುದಾದರೆ ಎಕ್ಸ್‌ಫ್ಯಾಟ್‌ಗೆ ಬದಲಿಸಿ, ಆದರೆ ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಯುತ್ತದೆ. ಇಲ್ಲವೆಂದರೆ ಬಿಟ್‌ರೇಟ್ ಲೆಕ್ಕ ಹಾಕಬೇಕು: ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಎರಡು ಗಂಟೆಗೆ 28,800 ಮೆಗಾಬಿಟ್, ಎಂಟರಿಂದ ಭಾಗಿಸಿದರೆ 3,600 ಮೆಗಾಬೈಟ್. ಧ್ವನಿಗೆ ನೂರು ಚಿಲ್ಲರೆ ಸೇರಿಸಿದರೂ ಹಿಡಿಸುತ್ತದೆ. ಆವರೇಜ್ ಬಿಟ್‌ರೇಟ್ ಉಪಯೋಗಕ್ಕೆ ಬರುವುದು ಇಲ್ಲಿ ಮಾತ್ರ.

ಹೊಸ ಮೊಬೈಲಿನ ವಿಡಿಯೊ ಟಿವಿಯಲ್ಲಿ ಬಣ್ಣ ಕಳೆದು ಬೂದಿ ಬಳಿದಂತೆ ಕಂಡರೆ ಅದು ಎಚ್‌ಡಿಆರ್ (ಬೆಳಕು–ನೆರಳಿನ ಹೆಚ್ಚು ವ್ಯಾಪ್ತಿಯನ್ನು ಹಿಡಿಯುವ ವಿಧಾನ). ಮುಂದಿನ ಸಲ ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಅದನ್ನು ಆಫ್ ಮಾಡಿಬಿಡಿ. ನಿಲ್ಲಿಸಿ ತೆಗೆದದ್ದು ಅಡ್ಡ ಮಲಗಿದರೆ, ಟಿವಿ ‘ತಿರುಗಿಸಿ ತೋರಿಸು’ ಎಂಬ ಗುರುತನ್ನು ಓದಿಲ್ಲ. ಹ್ಯಾಂಡ್‌ಬ್ರೇಕ್‌ನಲ್ಲಿ ಒಮ್ಮೆ ಹಾಯಿಸಿದರೆ ಚಿತ್ರವೇ ನೆಟ್ಟಗಾಗುತ್ತದೆ.

ಕನ್ನಡ ಸಬ್‌ಟೈಟಲ್ ಹಾಕುವವರಿಗೆ ಎರಡು ಮಾತು. ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ್ದರೆ ಟಿವಿಯಲ್ಲಿ ಅರ್ಥವಿಲ್ಲದ ಚಿಹ್ನೆಗಳೇ ಬರುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿ, ನೋಟ್‌ಪ್ಯಾಡ್‌ನಲ್ಲಿ ‘ಯುಟಿಎಫ್-8’ ಎಂದು ಉಳಿಸಬೇಕು. ಆಗಲೂ ಒತ್ತಕ್ಷರಗಳು ಬಿಡಿಬಿಡಿಯಾಗಿ, ‘ಅಕ್ಕ’ ಎಂಬುದು ‘ಅಕ್‌ಕ’ ಆಗಿ ಕಂಡರೆ ದೋಷ ಟಿವಿಯದು. ಹ್ಯಾಂಡ್‌ಬ್ರೇಕ್‌ನ ‘ಸಬ್‌ಟೈಟಲ್ಸ್’ ಟ್ಯಾಬ್‌ನಲ್ಲಿ ‘ಬರ್ನ್ ಇನ್’ ಗುರುತು ಹಾಕಿ ಅಕ್ಷರಗಳನ್ನು ಚಿತ್ರದ ಮೇಲೆಯೇ ಅಚ್ಚೊತ್ತಿಸಿ.

ಕರೆಂಟ್ ಹೋದರೆ

ಮೇ ತಿಂಗಳ ವಿಜಯಪುರದಲ್ಲಿ ಎನ್‌ಕೋಡಿಂಗ್‌ಗೆ ಇನ್ನೊಂದು ಶತ್ರು ಬಿಸಿಲು. ಪ್ರೊಸೆಸರ್ ಕಾದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹೊರಗೆ ನಲವತ್ತು ಡಿಗ್ರಿ ಇರುವಾಗ ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪ್ ಕೊನೆಗೆ ತಾನಾಗಿಯೇ ಆರಿಹೋದರೆ ತಂತ್ರಾಂಶವನ್ನು ಬೈದು ಫಲವಿಲ್ಲ. ಗಟ್ಟಿ ಮೇಜಿನ ಮೇಲಿಡಿ, ರಾತ್ರಿ ಓಡಿಸಿ.

ನಡುವೆ ಕರೆಂಟ್ ಹೋದರೆ ಅರ್ಧ ಬರೆದ ಎಂಪಿ4 ತೆರೆಯುವುದೇ ಇಲ್ಲ, ಏಕೆಂದರೆ ಅದರ ಪರಿವಿಡಿ ಸಿದ್ಧವಾಗುವುದು ಕೆಲಸ ಮುಗಿದ ಮೇಲೆ. ಎಂಕೆವಿ ಆಗಿದ್ದರೆ ಬರೆದಷ್ಟು ಓಡುತ್ತದೆ. ಯುಪಿಎಸ್ ಇಲ್ಲದವರು ದೊಡ್ಡ ಕೆಲಸವನ್ನು ಎಂಕೆವಿಗೆ ಎನ್‌ಕೋಡ್ ಮಾಡಿ, ಆಮೇಲೆ ಅವಿಡೆಮಕ್ಸ್‌ನಲ್ಲಿ ಡಬ್ಬಿ ಬದಲಿಸಿಕೊಳ್ಳುವುದು ಮೇಲು.

ಚಿತ್ರೀಕರಣದ ನಡುವೆ ಕ್ಯಾಮೆರಾ ಬ್ಯಾಟರಿ ಸತ್ತಾಗ ಆಗುವುದೂ ಇದೇ: ಫೈಲ್ ಹಲವು ಜಿಬಿ ಇದ್ದರೂ ತೆರೆಯುವುದಿಲ್ಲ. ಆ ಮೆಮೊರಿ ಕಾರ್ಡಿನಲ್ಲಿ ಮತ್ತೇನನ್ನೂ ತೆಗೆಯಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಫೈಲನ್ನು ಹಾಗೆಯೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ‘ಅನ್‌ಟ್ರಂಕ್’ ಎಂಬ ಉಚಿತ ಸಾಧನ ಕಳೆದುಹೋದ ಪರಿವಿಡಿಯನ್ನು ಮರಳಿ ಕಟ್ಟಲು ಯತ್ನಿಸುತ್ತದೆ. ಅದಕ್ಕೆ ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ, ಚೆನ್ನಾಗಿ ಓಡುವ ಇನ್ನೊಂದು ಫೈಲ್ ಮಾದರಿಯಾಗಿ ಬೇಕು. ಕ್ಯಾಮೆರಾ ಬಾಡಿಗೆಯದಾಗಿದ್ದರೆ ಹಿಂದಿರುಗಿಸುವ ಮೊದಲೇ ಎರಡು ನಿಮಿಷದ ಮಾದರಿಯೊಂದನ್ನು ಬೇರೆ ಕಾರ್ಡಿನಲ್ಲಿ ತೆಗೆದಿಟ್ಟುಕೊಳ್ಳಿ.