ಹರಾಜು ಕಟ್ಟೆಯ ಮೇಲೆ ಆಸ್ಪತ್ರೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ತಾತ್ಕಾಲಿಕ ಆಸ್ಪತ್ರೆಗೆ ನಾನು ಆರಿಸಿದ್ದು ಒಂದು ಶಾಲೆ. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ ಅಂತ ಸುದ್ದಿ ಬಂದಾಗ ನಾವೆಲ್ಲ ಮೊದಲು ಓಡೋದು ಶಾಲೆಗೇ ಅಲ್ವಾ? ಆದರೆ ಗೇಟು ಸಣ್ಣದು. ಮೊದಲ ದಿನವೇ ಎರಡು ಆಂಬುಲೆನ್ಸ್ ಎದುರುಬದುರಾಗಿ ಸಿಕ್ಕಿಕೊಂಡು ಅರ್ಧ ಗಂಟೆ ಹೋಯಿತು. ಸಂತ್ರಸ್ತರೂ ಅಲ್ಲೇ ಇದ್ದರು. ಸುಮಾರು ಇನ್ನೂರು ಜನಕ್ಕೆ ಎರಡೇ ಕಕ್ಕಸು. ಮೂರನೇ ದಿನ ಕುಡಿಯೋ ನೀರಿನ ಸಂಪಿನೊಳಗೆ ಗಟಾರದ ನೀರು ಸೇರಿ ವಾಂತಿ-ಭೇದಿ ಶುರುವಾಯಿತು. ರಾತ್ರೋರಾತ್ರಿ ಎಲ್ಲರನ್ನೂ ಟ್ರ್ಯಾಕ್ಟರ್‌ನಲ್ಲಿ ಸಾಗಿಸಿದೆವು. ಟ್ರ್ಯಾಲಿಯಿಂದ ಒಬ್ಬ ಅಜ್ಜನನ್ನು ಇಳಿಸುವಾಗ ನಾಲ್ಕು ಜನರ ಕೈ ಜಾರಿತು. ಅವರ ನರಳಾಟ ನನಗೆ ಇನ್ನೂ ಕೇಳುತ್ತದೆ.

ಆ ರಾತ್ರಿ ಜೊತೆಗಿದ್ದ ಹಮಾಲರೊಬ್ಬರು ಹೇಳಿದರು: "ಡಾಕ್ಟ್ರ, ನಮ್ಮ ಎಪಿಎಂಸಿ ಹರಾಜು ಕಟ್ಟಿ ನೋಡ್ರಿ. ಟ್ರ್ಯಾಲಿ ಎತ್ತರಕ್ಕ ಐತಿ. ಎತ್ತೂದು ಇಳಸೂದು ಏನೂ ಬ್ಯಾಡ."

ಮರುದಿನ ಹೋಗಿ ಟೇಪು ಹಿಡಿದು ಅಳೆದೆ. ಅವರು ಹೇಳಿದ್ದು ಸರಿ ಇತ್ತು. ಮೇಲೆ ತಗಡು, ಎರಡು ದೊಡ್ಡ ಗೇಟು, ಲಾರಿ ತಿರುಗುವಷ್ಟು ಅಂಗಳ, ಬೋರ್‌ವೆಲ್. ಮೀಟಿಂಗ್‌ನಲ್ಲಿ ಹೇಳಿದರೆ "ಉಳ್ಳಾಗಡ್ಡಿ ಮಾರೋ ಕಡೆ ರೋಗಿಗಳನ್ನ ಮಲಗಿಸ್ತೀರಾ?" ಅಂದರು. ಅಕ್ಟೋಬರ್‌ನಲ್ಲಿ ಹೊಳೆ ಮತ್ತೆ ಏರಿತು. ಆಗ ಒಪ್ಪಿದರು.

ಮೊದಲ ಎಡವಟ್ಟು ಸಾಲಿನ ಆಯ್ಕೆಯಲ್ಲೇ ಆಯಿತು. ಗುಡಿಸಿ ತೊಳೆದದ್ದು ಮೆಣಸಿನಕಾಯಿ ಹರಾಜಾಗುವ ಕಟ್ಟೆಯ ಸಾಲು. ಹಳೇ ಸುಗ್ಗಿಯ ಘಾಟು ತೊಲೆಗಳ ಸಂದಿಯಲ್ಲಿ ಕೂತಿತ್ತು. ಇಬ್ಬರು ದಮ್ಮಿನ ರೋಗಿಗಳಿಗೆ ನೆಬುಲೈಸರ್ ಹಾಕಬೇಕಾಯಿತು. ಎರಡು ತಾಸಿನಲ್ಲಿ ಉಳ್ಳಾಗಡ್ಡಿ ಸಾಲಿಗೆ ಬಂದೆವು.

ಯಾರಿಗೆ ಮೊದಲು ಚಿಕಿತ್ಸೆ ಬೇಕು ಅಂತ ರೋಗಿಗಳನ್ನ ವಿಂಗಡಿಸೋ ಟ್ರಯಾಜ್ ನಿಮಗೆಲ್ಲ ಗೊತ್ತು. ನಾನು ಹಟ ಹಿಡಿದದ್ದು ದಾರಿಯ ವಿಷಯಕ್ಕೆ: ಒಂದು ಗೇಟಿನಿಂದ ಒಳಗೆ, ಇನ್ನೊಂದರಿಂದ ಹೊರಗೆ. ಸುಣ್ಣದ ಗೆರೆ ಹಾಕಿಸಿದೆ, ಎದುರಿನಿಂದ ಒಂದು ಬೈಕ್ ಕೂಡ ಬಿಡಲಿಲ್ಲ. ನೀರಿನ ಲೆಕ್ಕ ಹಾಸಿಗೆಗೆ ದಿನಕ್ಕೆ 40 ಲೀಟರ್, ಹೊರರೋಗಿಗೆ 5. ಇಪ್ಪತ್ತು ಹಾಸಿಗೆಗೆ ಒಂದು ಟ್ಯಾಂಕರ್ ಧಾರಾಳ ಸಾಕಾಯಿತು. ಬ್ಲೀಚಿಂಗ್ ಪೌಡರ್ ಮಾತ್ರ ಹೊಸ ಚೀಲದ್ದೇ ಬೇಕು. ಬಾಯಿ ಬಿಚ್ಚಿಟ್ಟ ಹಳೇ ಚೀಲದಲ್ಲಿ ಕ್ಲೋರಿನ್ ಉಳಿದಿರಲ್ಲ.

ಶಾಲೆಯಲ್ಲಿ ಐದು ದಿನಕ್ಕೆ ಶಾಮಿಯಾನ, ಜನರೇಟರ್, ಸಾಗಾಟ ಸೇರಿ ನಲವತ್ತು ಸಾವಿರದ ಹತ್ತಿರ ಹೋಗಿತ್ತು. ಇಲ್ಲಿ ಆರು ದಿನಕ್ಕೆ ಹದಿನೆಂಟು-ಇಪ್ಪತ್ತು ಸಾವಿರ. ಜಾಸ್ತಿ ಹೋದದ್ದು ಡೀಸೆಲ್ಲಿಗೆ, ತಾಡಪತ್ರಿಗೆ. ಸುಗ್ಗಿ ಹತ್ತಿರ ಬಂದಾಗಲೂ ದಲಾಲರು ಒಂದು ಇಡೀ ಸಾಲು ಬಿಟ್ಟುಕೊಡುವ ಹಾಗೆ ಹೇಗೆ ಮಾಡಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ.

ಇನ್ಸುಲಿನ್ ತಂಪಾಗಿಡೋದಕ್ಕೆ ಒಂದು ಪ್ರಯೋಗ ಮಾಡಿದೆ. ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ, ನಡುವೆ ಹಸಿ ಮರಳು. ಮಳೆಗಾಲದ ಹವೆಯಲ್ಲಿ ನೀರು ಆರೋದೇ ಇಲ್ಲ, ಎರಡು-ಮೂರು ಡಿಗ್ರಿ ಇಳಿದರೆ ಹೆಚ್ಚು. ಕೊನೆಗೆ ಲಸಿಕೆ ಕ್ಯಾರಿಯರ್‌ನಲ್ಲೇ ಇಟ್ಟೆ. ಐಸ್ ತಾಗಿ ಹೆಪ್ಪುಗಟ್ಟದಂತೆ ಬಟ್ಟೆ ಸುತ್ತಿದೆ. ಬೇಸಿಗೆಯಲ್ಲಿ ಗಡಿಗೆಯನ್ನ ಇನ್ನೊಮ್ಮೆ ನೋಡಬೇಕು.

ಬಂದವರಲ್ಲಿ ಮೂಳೆ ಮುರಿದವರು ಬೆರಳೆಣಿಕೆ. ಜಾಸ್ತಿ ಇದ್ದದ್ದು ಬಿಪಿ, ಶುಗರ್ ಮಾತ್ರೆ ಹೊಳೆ ಪಾಲಾದವರು. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಒಳಗೆ ಚೀಟಿ ಮುದ್ದೆಯಾಗಿತ್ತು, ಮಾತ್ರೆ ಕರಗಿ ಬಿಳಿ ಹಿಟ್ಟಾಗಿತ್ತು. "ಸಣ್ಣ ಬಿಳಿ ಗುಳಿಗಿರಿ, ನಡುವ ಗೆರಿ ಐತಿ" ಅಂದರು. ಆಮೇಲೆ ನಮ್ಮ ಸರ್ಕಾರಿ ಮಾತ್ರೆಗಳನ್ನೆಲ್ಲ ರಟ್ಟಿಗೆ ಅಂಟಿಸಿ ನೇತುಹಾಕಿದೆ. ಜನ ಬೆರಳಿಟ್ಟು ತೋರಿಸಿದರು. ಬಿಪಿ, ಶುಗರ್ ನೋಡಿ ಖಾತ್ರಿ ಮಾಡಿಕೊಂಡು ಕೊಟ್ಟೆವು.

ಈಗ ಪ್ರತಿ ಮೇ ತಿಂಗಳು ಹಮಾಲರ ಜೊತೆ ಅಲ್ಲೇ ಡ್ರಿಲ್ ಮಾಡುತ್ತೇವೆ. ಹೋದ ಸಲ ಬೀಗ ತೆಗೆದು ಮೊದಲ ಹಾಸಿಗೆ ಹಾಕಿ ಸಲೈನ್ ಕಟ್ಟುವವರೆಗೆ ಐವತ್ತು ನಿಮಿಷ ಹಿಡಿಯಿತು.