ಲೋಟದ ಕೆಳಗೆ ಸ್ಟೆಲ್ತ್ ದಾಳ: ಹೊಂಚು ದಾಳಿ ಕೊನೆಗೂ ಕೈಗೂಡಿದ ಬಗೆ

ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಕಥೆಯಾಟ) ಐದನೇ ಆವೃತ್ತಿಯ 2014ರ ನಿಯಮದಲ್ಲಿ ಇಡೀ ತಂಡ ಹೊಂಚು ಹಾಕಿ ಹೊಡೆಯುವುದು ಆಗದ ಮಾತು ಎಂದು ಡಿಎಂಗಳು, ಅಂದರೆ ಆಟ ನಡೆಸುವವರು, ಬಹಳ ಮಂದಿ ಹೇಳುತ್ತಾರೆ. ಆಗುತ್ತದೆ. ನನ್ನ ಟೇಬಲ್‌ನಲ್ಲಿ ಈಗ ಐದು ಹೊಂಚಿನಲ್ಲಿ ಮೂರು ಫಲಿಸುತ್ತವೆ. ಶತ್ರುವನ್ನು ಬೆಚ್ಚಿಬೀಳಿಸುವ ಸರ್ಪ್ರೈಸ್ ನಿಯಮದ ಒಂದು ಸಾಲನ್ನೂ ಬದಲಿಸಿಲ್ಲ.

ಅವರ ಅನುಮಾನಕ್ಕೆ ಕಾರಣವಿದೆ. ನಾಲ್ವರ ತಂಡ ಎನ್ನಿ: ಕಳ್ಳಹೆಜ್ಜೆಯ ರೋಗ್‌ಗೆ ಸ್ಟೆಲ್ತ್ (ಸದ್ದಿಲ್ಲದೆ ಅಡಗುವ ಕೌಶಲ, ಇಪ್ಪತ್ತು ಮುಖದ ದಾಳಕ್ಕೆ ಕೂಡುವ ಅಂಕ) +7, ಇನ್ನಿಬ್ಬರಿಗೆ +2 ಮತ್ತು +1, ಚೈನ್ ಮೇಲ್ ಎಂಬ ಭಾರದ ಸರಪಳಿ ಕವಚ ತೊಟ್ಟ ಯೋಧ ಪಲಾಡಿನ್‌ಗೆ +0, ಅದೂ ಡಿಸ್‌ಅಡ್ವಾಂಟೇಜ್‌ನಲ್ಲಿ (ಎರಡು ದಾಳ ಹಾಕಿ ಕಡಿಮೆಯದನ್ನು ತೆಗೆದುಕೊಳ್ಳುವುದು; ಅಡ್ವಾಂಟೇಜ್ ಎಂದರೆ ಹೆಚ್ಚಿನದನ್ನು). ಎದುರಿಗೆ ಪ್ಯಾಸಿವ್ ಪರ್ಸೆಪ್ಶನ್ (ದಾಳ ಹಾಕದೆಯೇ ಇರುವ ಎಚ್ಚರದ ಅಂಕ, ಸ್ಟೆಲ್ತ್ ಅದನ್ನು ಮುಟ್ಟಬೇಕು) 12 ಇರುವ ಕಾವಲುಗಾರ. ಒಬ್ಬನ ಸದ್ದು ಕೇಳಿದರೂ ಅವನು ಎಚ್ಚೆತ್ತ ಹಾಗೆಯೇ, ಆದ್ದರಿಂದ ನಾಲ್ವರೂ ಗೆಲ್ಲಬೇಕು. ಅದರ ಸಾಧ್ಯತೆ ನೂರಕ್ಕೆ ನಾಲ್ಕೋ ಐದೋ. ಬೇಸತ್ತ ಡಿಎಂಗಳು ಗ್ರೂಪ್ ಚೆಕ್‌ಗೆ ಹೋಗುತ್ತಾರೆ, ಅರ್ಧ ಮಂದಿ ಗೆದ್ದರೆ ಸಾಕು. ಆಗ ಅದೇ ತಂಡಕ್ಕೆ ನೂರಕ್ಕೆ 73 ಸಿಗುತ್ತದೆ. ನನಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. ಪಲಾಡಿನ್ ಏನು ತೊಟ್ಟರೂ ನಡೆಯುತ್ತದೆ ಎಂದಾದಾಗ ಹೊಂಚು ಹಾಕುವುದರಲ್ಲಿ ಜಾಣ್ಮೆಗೆ ಜಾಗವೇ ಉಳಿಯುವುದಿಲ್ಲ.

ನಾನು ಕೈಹಾಕಿದ್ದು ದಾಳ ಉರುಳುವುದಕ್ಕೆ ಮುಂಚಿನ ಕೆಲಸಕ್ಕೆ. ಮಬ್ಬು ಬೆಳಕಿನಲ್ಲಿ ಕಣ್ಣಿನಿಂದ ಗುರುತಿಸುವುದಕ್ಕೆ ಡಿಸ್‌ಅಡ್ವಾಂಟೇಜ್ ಇದೆ, ಅಂದರೆ ಪ್ಯಾಸಿವ್‌ನಲ್ಲಿ 5 ಕಡಿತ. ಕತ್ತಲಲ್ಲಿ ಕಾಣುವ ಡಾರ್ಕ್‌ವಿಷನ್ ಇದ್ದವರಿಗೂ ಕಗ್ಗತ್ತಲೆ ಮಬ್ಬು ಬೆಳಕೇ, ಆದ್ದರಿಂದ ಅವರಿಗೂ ಕಡಿತ ತಪ್ಪದು. ಬಹಳ ಡಿಎಂಗಳು ಇದನ್ನು ಮರೆತೇಬಿಡುತ್ತಾರೆ. ಕಾವಲುಗಾರನ 12 ಈಗ 7. ಅಷ್ಟಕ್ಕೇ ನೂರಕ್ಕೆ 4 ಇದ್ದದ್ದು 29ಕ್ಕೆ ಏರುತ್ತದೆ. ಪಲಾಡಿನ್‌ಗೆ ಚೈನ್ ಮೇಲ್ ಬದಲು ಎದೆಕವಚವಾದ ಬ್ರೆಸ್ಟ್‌ಪ್ಲೇಟ್ ತೊಡಿಸಿದರೆ 42. ಬೆಲೆ ಮಾತ್ರ 400 ಚಿನ್ನದ ನಾಣ್ಯ, ಮೂರನೇ ಲೆವೆಲ್‌ನ ತಂಡಕ್ಕೆ ಹೊರೆ. ಅದೇ ಡಿಸ್‌ಅಡ್ವಾಂಟೇಜ್ ತಪ್ಪಿಸುವ ಚೈನ್ ಶರ್ಟ್ 50ಕ್ಕೇ ಸಿಗುತ್ತದೆ, ಎಸಿ (ಏಟು ತಡೆಯುವ ಅಂಕ) ಒಂದು ಕಡಿಮೆ. ನಾನು ಚೈನ್ ಶರ್ಟ್ ಕಡೆಗೇ ವಾಲುತ್ತೇನೆ.

ಹಣವಿಲ್ಲದಿದ್ದರೆ ಪಲಾಡಿನ್‌ನನ್ನು ಸುಮಾರು 120 ಅಡಿ ಹಿಂದೆ, ಕಣ್ಣಿಗೂ ಕಿವಿಗೂ ನಿಲುಕದ ಕಡೆ ನಿಲ್ಲಿಸಿ. ಎರಡು ರೌಂಡ್ ಡ್ಯಾಶ್ ಮಾಡಿ (ಓಡಿ) ಬಂದು ಮೂರನೆಯದರಲ್ಲಿ ಹೊಡೆಯುತ್ತಾನೆ. ದಾಳ ಹಾಕುವವರು ಮೂವರೇ, ಮಬ್ಬು ಬೆಳಕಿನಲ್ಲಿ ಸಾಧ್ಯತೆ ನೂರಕ್ಕೆ 60. ಆರಂಭದಲ್ಲಿ ಹೇಳಿದ ಐದರಲ್ಲಿ ಮೂರು ಇಲ್ಲಿಂದಲೇ ಬಂದದ್ದು. ತಂಡವನ್ನು ಅಡಗಿಸುವ ಪಾಸ್ ವಿದೌಟ್ ಟ್ರೇಸ್ ಮಂತ್ರ ಇದ್ದರೆ ಇನ್ನೂ ಸುಲಭ. +10 ಸೇರಿದಾಗ ಚೈನ್ ಮೇಲ್ ಪಲಾಡಿನ್ ಜೊತೆಗಿದ್ದರೂ, ಮಬ್ಬಿಲ್ಲದಿದ್ದರೂ 90. ಆದರೆ ಎರಡನೇ ಲೆವೆಲ್ ಸ್ಲಾಟ್ (ಮಂತ್ರ ಹಾಕುವ ಪಾಲು) ಹೋಗುತ್ತದೆ, ಕಾನ್ಸಂಟ್ರೇಶನ್ (ಒಮ್ಮೆಗೆ ಒಂದೇ ಮಂತ್ರದ ಮೇಲೆ ಗಮನ) ಕಟ್ಟಿಹಾಕುತ್ತದೆ. ಎಲ್ಲರೂ 30 ಅಡಿಯೊಳಗೇ ಇರಬೇಕಾದ್ದರಿಂದ ಎರಡೂ ಕಡೆಯಿಂದ ಸುತ್ತುವರಿಯಲು ಬರುವುದಿಲ್ಲ.

ಇನ್ನು ಲೋಟದ ವಿಷಯ. ಸ್ಟೆಲ್ತ್ ದಾಳ ಕಣ್ಣಿಗೆ ಬಿದ್ದರೆ ಹೊಂಚು ಅಲ್ಲಿಗೇ ಸತ್ತಿತು. 3 ಬಿದ್ದವನು ತಕ್ಷಣ "ಬೇಡ, ವಾಪಸ್ ಹೋಗೋಣ" ಅನ್ನುತ್ತಾನೆ. ಡಿಎಂ ತಾನೇ ಎಲ್ಲರ ಪರವಾಗಿ ಗುಟ್ಟಾಗಿ ಉರುಳಿಸಿದರೆ, ತಮ್ಮ ದಾಳ ಕಸಿದುಕೊಂಡರೆಂದು ಆಟಗಾರರಿಗೆ ಬೇಸರ. ಮೊಬೈಲ್ ಆಪ್ ಮೇಲೆ ಯಾರಿಗೂ ನಂಬಿಕೆ ಬರಲಿಲ್ಲ. ಈಗ ಪ್ರತಿಯೊಬ್ಬರೂ ಸ್ಟೀಲ್ ಲೋಟದಲ್ಲಿ ತಮ್ಮ ಡಿ20 (ಇಪ್ಪತ್ತು ಮುಖದ ದಾಳ) ಕುಲುಕಿ ಕವುಚಿ ಇಡುತ್ತಾರೆ, ಡಿಸ್‌ಅಡ್ವಾಂಟೇಜ್ ಇದ್ದವರು ಎರಡು ದಾಳ. ಮೊದಲ ಬಾಣ ಬಿಡುತ್ತೇನೆ ಎಂದ ಗಳಿಗೆಗೆ ಎಲ್ಲ ಲೋಟಗಳೂ ಒಟ್ಟಿಗೆ ಮೇಲೇಳುತ್ತವೆ.

ಪೇಪರ್ ಕಪ್ ನಡೆಯುವುದಿಲ್ಲ, ಫ್ಯಾನ್ ಗಾಳಿಗೆ ಉರುಳುತ್ತದೆ. ಗಾಜಿನ ಮೇಜಿನ ಮೇಲೆ ಸ್ಟೀಲ್ ಸದ್ದು ಸಹಿಸಲಾಗದು, ಅಡಿಗೆ ಹಳೆಯ ಮೌಸ್ ಪ್ಯಾಡ್ ಹಾಕಿ. ಬಾಯಿ ಕಿರಿದಾದ ಲೋಟದಲ್ಲಿ ದಾಳ ಗೋಡೆಗೆ ಒರಗಿ ನಿಲ್ಲುತ್ತದೆ, ಅಗಲ ಬಾಯಿಯದೇ ಬೇಕು. ಆರು ಲೋಟಕ್ಕೆ ಸುಮಾರು 400 ರೂಪಾಯಿ, ಹೆಚ್ಚುವರಿ ದಾಳಕ್ಕೆ ಇನ್ನೊಂದು ಮುನ್ನೂರು. ಬ್ರಾಂಡೆಡ್ ಡಿಎಂ ಸ್ಕ್ರೀನ್‌ಗೆ ಎರಡು ಸಾವಿರದ ಹತ್ತಿರ ಸುರಿದದ್ದು ಇದರ ಅರ್ಧದಷ್ಟೂ ಉಪಯೋಗಕ್ಕೆ ಬಂದಿಲ್ಲ. ಲೋಟ ಎತ್ತುವ ಮುನ್ನ ನಾನು ಕೇಳುವ ಪ್ರಶ್ನೆಯೊಂದಿದೆ, ಹೊಂಚಿನ ಅರ್ಧ ರುಚಿ ಅದರಲ್ಲೇ ಇದೆ. ನನ್ನ ಆಟಗಾರರೂ ಇದನ್ನು ಓದುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಕೆಡುವುದು ಹೆಚ್ಚಾಗಿ ಇನಿಷಿಯೇಟಿವ್‌ನಲ್ಲಿ, ಅಂದರೆ ಯಾರ ಸರದಿ ಮೊದಲು ಎಂದು ನಿರ್ಧರಿಸುವ ದಾಳದಲ್ಲಿ. "ನಾನು ಬಾಣ ಬಿಟ್ಟೆ, ಈಗ ಇನಿಷಿಯೇಟಿವ್" ಎಂದು ಆಡಿದರೆ ಒಂದು ಪುಕ್ಕಟೆ ಬಾಣ, ಅದರ ಮೇಲೆ ಶತ್ರು ಬೆಚ್ಚಿರುವ ಮೊದಲ ರೌಂಡಿನ ಬಾಣ, ಮುಖ್ಯ ಶತ್ರು ಬಾಯಿ ತೆರೆಯುವ ಮೊದಲೇ ಮುಗಿದಿರುತ್ತಾನೆ. ಬಾಣ ಬಿಡುತ್ತೇನೆ ಎಂದ ಕೂಡಲೇ ಎಲ್ಲರೂ ಇನಿಷಿಯೇಟಿವ್ ಉರುಳಿಸಬೇಕು, ಬಾಣ ಹೊರಡುವುದು ಬಿಡುವವನ ಸರದಿಯಲ್ಲೇ. ಬೆಚ್ಚಿದ (ಸರ್ಪ್ರೈಸ್ ಆದ) ಶತ್ರು ತನ್ನ ಮೊದಲ ಸರದಿಯಲ್ಲಿ ಕದಲುವಂತಿಲ್ಲ, ಏನೂ ಮಾಡುವಂತಿಲ್ಲ, ಆ ಸರದಿ ಮುಗಿಯುವವರೆಗೆ ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಕೊಡುವ ಪ್ರತಿಕ್ರಿಯೆ) ಕೂಡ ಇಲ್ಲ. ಮುಗಿದ ಮೇಲೆ ಅವನು ಬೆಚ್ಚಿದವನಲ್ಲ. ಬೆಚ್ಚಿದವನಿಗೆ ತಗುಲಿದ ಏಟು ಖಚಿತ ಕ್ರಿಟಿಕಲ್ (ದುಪ್ಪಟ್ಟು ದಾಳದ ಏಟು) ಆಗುವ ಅಸ್ಯಾಸಿನ್ ರೋಗ್ ಆಡುವವರಿಗೆ ನಷ್ಟವಾಗುವುದು ಇಲ್ಲೇ. ಇನಿಷಿಯೇಟಿವ್ +4 ಇದ್ದರೂ +1 ಇರುವ ವೆಟರನ್ (ಅನುಭವಿ ಸೈನಿಕ ಶತ್ರು) ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ಮುಂದಿರುತ್ತಾನೆ, ಖಚಿತ ಕ್ರಿಟಿಕಲ್ ಕೈತಪ್ಪುತ್ತದೆ. ಐದನೇ ಲೆವೆಲ್‌ನಲ್ಲಿ ಶಾರ್ಟ್‌ಬೋ ಬಿಲ್ಲು ಮತ್ತು ಸ್ನೀಕ್ ಅಟ್ಯಾಕ್ (ರೋಗ್‌ನ ಹೆಚ್ಚುವರಿ ಏಟು) ಸೇರಿ ಸರಾಸರಿ ಹಾನಿ 18, ಕ್ರಿಟಿಕಲ್ ಆದರೆ 32, ನಷ್ಟ ಸಣ್ಣದಲ್ಲ. ಎನ್‌ಹ್ಯಾನ್ಸ್ ಎಬಿಲಿಟಿ ಮಂತ್ರದ ಕ್ಯಾಟ್ಸ್ ಗ್ರೇಸ್ ಇನಿಷಿಯೇಟಿವ್‌ಗೂ ಸ್ಟೆಲ್ತ್‌ಗೂ ಅಡ್ವಾಂಟೇಜ್ ಕೊಡುತ್ತದೆ, ಎರಡೂ ಡೆಕ್ಸ್‌ಟೆರಿಟಿ (ಚುರುಕುತನ) ಚೆಕ್ ತಾನೆ. ಅದಕ್ಕೂ ಕಾನ್ಸಂಟ್ರೇಶನ್ ಬೇಕು, ಹಾಗಾಗಿ ಪಾಸ್ ವಿದೌಟ್ ಟ್ರೇಸ್ ಹಿಡಿದ ಡ್ರೂಯಿಡ್ ಅಲ್ಲದೆ ಇನ್ನೊಬ್ಬ ಮಂತ್ರಗಾರ ಇರಬೇಕು. ಮಂತ್ರವನ್ನು ದೂರದಲ್ಲೇ ಹೇಳಿ ಬನ್ನಿ, ಬಾಯಿಬಿಟ್ಟು ಹೇಳುವ ಮಂತ್ರ ಕಾವಲುಗಾರನ ಕಿವಿಗೂ ಬೀಳುತ್ತದೆ.

ತೋಳಗಳಿರುವ ಕಡೆ ಮಬ್ಬು ಬೆಳಕನ್ನು ನಂಬಬೇಡಿ. ತೋಳದ ಪ್ಯಾಸಿವ್ 13, ಮೂಗು ಮತ್ತು ಕಿವಿಯ ಅಡ್ವಾಂಟೇಜ್ ಸೇರಿ 18. ಪಲಾಡಿನ್ ಬಿಟ್ಟು ಉಳಿದ ಮೂವರಿಗೆ ಸಾಧ್ಯತೆ ನೂರಕ್ಕೆ ಎರಡೋ ಮೂರೋ. ಗಾಳಿ ತೋಳದ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿದ್ದು, ಪಕ್ಕದಲ್ಲಿ ಹೊಳೆಯ ಸದ್ದೂ ಇದ್ದರೆ ಅಡ್ವಾಂಟೇಜ್‌ನ ಆ 5 ತೆಗೆದುಬಿಡುತ್ತೇನೆ. ಇದು ನನ್ನ ತೀರ್ಪು, ಪುಸ್ತಕದ್ದಲ್ಲ. ಆಗ 17ರ ಹತ್ತಿರ ಬರುತ್ತದೆ. ಮಂಜು ಕವಿಸುವ ಫಾಗ್ ಕ್ಲೌಡ್ ಮಂತ್ರ ಕೂಡ ಪ್ರಯೋಗಿಸಿ ಕೈಬಿಟ್ಟದ್ದು. ಮಂಜಿನೊಳಗೆ ಎರಡೂ ಕಡೆಯವರು ಒಬ್ಬರಿಗೊಬ್ಬರು ಕಾಣುವುದಿಲ್ಲ, ಅಡ್ವಾಂಟೇಜ್ ಡಿಸ್‌ಅಡ್ವಾಂಟೇಜ್ ಎರಡೂ ವಜಾ, ಸ್ಲಾಟ್ ದಂಡ. ಒಂದು ನಾಣ್ಯಕ್ಕೆ ಸಾವಿರ ಬಾಲ್ ಬೇರಿಂಗ್‌ನ ಚೀಲ ಸಿಗುತ್ತದೆ, ಓಡಿಹೋಗುವ ದಾರಿಯಲ್ಲಿ ಚೆಲ್ಲಿದರೆ ಅದೇ ಹೆಚ್ಚು ಕೆಲಸ ಮಾಡುತ್ತದೆ.

2024ರ ಪುಸ್ತಕದಲ್ಲಿ ಆಡುವವರಿಗೆ ಲೆಕ್ಕ ಬೇರೆ. ಬೆಚ್ಚಿದವನು ಸರದಿ ಕಳೆದುಕೊಳ್ಳುವುದಿಲ್ಲ, ಇನಿಷಿಯೇಟಿವ್ ಮಾತ್ರ ಡಿಸ್‌ಅಡ್ವಾಂಟೇಜ್‌ನಲ್ಲಿ ಉರುಳಿಸುತ್ತಾನೆ. ಅಡಗಿದವನಿಗೆ ಅಡ್ವಾಂಟೇಜ್. ಸರಾಸರಿಯಲ್ಲಿ ಆರೇಳು ಅಂಕದ ಅಂತರ. ಹೈಡ್ ಮಾಡಲು (ಅಡಗಲು) ಡಿಸಿ, ಅಂದರೆ ಗುರಿ ಅಂಕ, 15 ಮುಟ್ಟಲೇಬೇಕು, ಅದಕ್ಕೆ ದಟ್ಟ ಕತ್ತಲೆಯೋ ಮುಕ್ಕಾಲು ಮರೆಯೋ ಬೇಕು, ಬರೀ ಮಬ್ಬು ಸಾಲದು. ಅಲ್ಲಿ ನಾಣ್ಯ ಖರ್ಚು ಮಾಡುವುದಿದ್ದರೆ ಮೊದಲು ಪಲಾಡಿನ್‌ನ ಕವಚಕ್ಕೆ ಮಾಡಿ.