ಘಾಟಿ ಇಳಿಯಲು ಕಲಿತ ಮೇಲೆ ಲಾರಿ ಡ್ರೈವರ್ ಆದೆ: ನನ್ನ ಅನುಭವ

ಲಾರಿ ಓಡಿಸಬೇಕೆಂಬ ಹುಡುಗರು ನನ್ನನ್ನು ಮೊದಲು ಕೇಳುವುದು ಹೆವಿ ಲೈಸೆನ್ಸಿಗೆ ಎಷ್ಟು ಖರ್ಚಾಗುತ್ತದೆ ಎಂದು. ಖರ್ಚಿಗಿಂತ ಮೊದಲು ಕಾಲದ ಲೆಕ್ಕ ಹಾಕಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 20 ವರ್ಷ ತುಂಬದವರು ಸಾರಿಗೆ ವಾಹನ ಓಡಿಸುವಂತಿಲ್ಲ. ಜೊತೆಗೆ ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷವಾಗದ ಹೊರತು ಲಾರಿಗೆ ಕಲಿಕಾ ಲೈಸೆನ್ಸ್, ಅಂದರೆ ಎಲ್‌ಎಲ್‌ಆರ್ ಸಿಗುವುದಿಲ್ಲ. ಎಂಟನೇ ತರಗತಿ ಓದಿರಬೇಕೆಂಬ ನಿಯಮವನ್ನು ಮಾತ್ರ 2019ರಲ್ಲಿ ತೆಗೆದುಹಾಕಿದರು. ನಮ್ಮ ಕಡೆಯ ಎಷ್ಟೋ ಒಳ್ಳೆಯ ಕ್ಲೀನರುಗಳಿಗೆ ದಾರಿ ಕಟ್ಟಿಹಾಕಿದ್ದು ಅದೊಂದೇ ನಿಯಮವಾದ್ದರಿಂದ, ಅದು ಹೋದದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಕಾಯಬೇಕಾದ ಆ ವರ್ಷವನ್ನು ನಾನು ಟಾಟಾ ಏಸ್ ಓಡಿಸುತ್ತ, ಅರಸೀಕೆರೆ ಸುತ್ತಿನ ತೋಟಗಳಿಂದ ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಸಾಗಿಸುತ್ತ ಕಳೆದೆ. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನಕ್ಕೆ ಲಘು ವಾಹನದ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು; 2024ರ ನವೆಂಬರಿನಲ್ಲಿ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಈ ವರ್ಷ ದುಡಿಮೆಯಿಲ್ಲದೆ ಹೋಗಬೇಕಾಗಿಲ್ಲ. ಮಂಡಿಯ ಇಕ್ಕಟ್ಟಿನಲ್ಲಿ ಕನ್ನಡಿ ನೋಡಿಕೊಂಡೇ ಹಿಂದಕ್ಕೆ ಬರುವ ಅಭ್ಯಾಸ ನನಗೆ ಬಂದದ್ದು ಅಲ್ಲಿಯೇ.

ಅರ್ಜಿಯ ಕೆಲಸ ಕಷ್ಟದ್ದಲ್ಲ. ಸರ್ಕಾರದ ಸಾರಥಿ ಜಾಲತಾಣದಲ್ಲಿ ಅರ್ಜಿ ತುಂಬಿ, ವೈದ್ಯರಿಂದ ನಮೂನೆ 1ಎ ಎಂಬ ಆರೋಗ್ಯ ಪ್ರಮಾಣಪತ್ರ ಪಡೆಯಬೇಕು; 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರುತ್ತದೆಯೇ, ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯುತ್ತದೆಯೇ ಎಂಬುದನ್ನು ಅವರು ಅದರಲ್ಲಿ ಬರೆದುಕೊಡುತ್ತಾರೆ. ಸಾರಿಗೆ ವಾಹನಕ್ಕೆ ಡ್ರೈವಿಂಗ್ ಸ್ಕೂಲಿನ ನಮೂನೆ 5ರ ತರಬೇತಿ ಪ್ರಮಾಣಪತ್ರವೂ ಬೇಕು. ಎಲ್‌ಎಲ್‌ಆರ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, 30 ದಿನಗಳ ನಂತರ ಪರೀಕ್ಷೆಗೆ ಹೋಗಬಹುದು. ಪರೀಕ್ಷೆಯ ದಿನ ಮೋಟಾರು ವಾಹನ ನಿರೀಕ್ಷಕರು, ನಮ್ಮ ಬಾಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರು, ನನ್ನ ಕೈಯಲ್ಲಿ ಲಾರಿಯನ್ನು ಮುಂದಕ್ಕೆ ಹಿಂದಕ್ಕೆ ಓಡಿಸಿ, ಏರಿನಲ್ಲಿ ನಿಲ್ಲಿಸಿ ಹಿಂಜಾರದಂತೆ ಮತ್ತೆ ಎತ್ತಿಸಿ ನೋಡಿದರು. ಈಗ ಸಾರಿಗೆ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಪೆಟ್ರೋಲ್ ಅಥವಾ ಗ್ಯಾಸ್ ಟ್ಯಾಂಕರ್ ಓಡಿಸುವವರಿಗೆ ಬೇರೆ ತರಬೇತಿಯೂ ಮೂರೇ ವರ್ಷದ ಅವಧಿಯೂ ಇವೆ.

ಇಷ್ಟೆಲ್ಲ ನಡೆದದ್ದು ಖಾಲಿ ಲಾರಿಯಲ್ಲಿ. ಹತ್ತು ಚಕ್ರದ ಲಾರಿಗೆ 2018ರಿಂದ ಅನುಮತಿಯಿರುವ ಒಟ್ಟು ತೂಕ 28.5 ಟನ್, ಖಾಲಿ ಇದ್ದಾಗ ಅದು ಹೆಚ್ಚುಕಡಿಮೆ ಅದರ ಮೂರನೇ ಒಂದು ಭಾಗ ತೂಗುತ್ತದೆ. ಖಾಲಿ ಗಾಡಿ ನಿಂತ ಜಾಗದಲ್ಲಿ ಲೋಡಿನ ಗಾಡಿ ನಿಲ್ಲುವುದಿಲ್ಲ, ಅದು ತಿರುಗಿದ ವೇಗದಲ್ಲಿ ಇದು ತಿರುಗುವುದಿಲ್ಲ. ಆದ್ದರಿಂದ ಲೈಸೆನ್ಸ್ ಕೈಗೆ ಬಂದ ಮೇಲೂ ನಾನು ಒಬ್ಬನೇ ಗಾಡಿ ಹಿಡಿಯಲು ಒಪ್ಪದೆ, ಬೆಂಗಳೂರು ಮಂಗಳೂರು ದಾರಿಯ ಹಳೆಯ ಡ್ರೈವರೊಬ್ಬರ ಜೊತೆ ಎರಡನೇ ಡ್ರೈವರಾಗಿ ಸೇರಿಕೊಂಡೆ. ಸಂಬಳ ಕಡಿಮೆ, ದಾರಿ ಖರ್ಚಿನ ಭತ್ಯೆ ಅವರದರ ಅರ್ಧ.

ಆ ದಾರಿಯ ಶಿರಾಡಿ ಘಾಟಿಯನ್ನು ಹತ್ತುವುದು ಬೇಸರದ ಕೆಲಸ, ಇಳಿಯುವುದು ವಿದ್ಯೆ. ಸಕಲೇಶಪುರ ದಾಟಿ ಮಾರನಹಳ್ಳಿ ಬರುವ ಮೊದಲೇ ಅವರು ಗಾಡಿ ಬದಿಗೆ ಹಾಕಿ, ಏರ್ ಮೀಟರಿನ ಮುಳ್ಳು ಪೂರ್ತಿ ಮೇಲೇರುವವರೆಗೆ ಕಾಯುತ್ತಿದ್ದರು. ಲಾರಿಯ ಬ್ರೇಕ್ ಹಿಡಿಯುವುದು ಟ್ಯಾಂಕಿನಲ್ಲಿ ತುಂಬಿಟ್ಟ ಗಾಳಿಯ ಒತ್ತಡದಿಂದ. ಪೆಡಲನ್ನು ಪದೇ ಪದೇ ಒತ್ತಿ ಬಿಟ್ಟರೆ ಕಂಪ್ರೆಸರ್ ತುಂಬುವುದಕ್ಕಿಂತ ಬೇಗ ಗಾಳಿ ಖರ್ಚಾಗುತ್ತದೆ, ಒತ್ತಿಯೇ ಹಿಡಿದಿದ್ದರೆ ಚಕ್ರದ ಡ್ರಮ್ಮೂ ಅದಕ್ಕೆ ಒತ್ತಿ ಹಿಡಿಯುವ ಲೈನರೂ ಕಾದು ಹಿಡಿತವೇ ಹೋಗುತ್ತದೆ. ಹಾಗಾಗಿ ಘಾಟಿಯಲ್ಲಿ ವೇಗ ತಡೆಯಬೇಕಾದದ್ದು ಎಂಜಿನ್, ಕಾಲಿನ ಬ್ರೇಕಲ್ಲ. ಹತ್ತಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯಬೇಕು, ಆ ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿರಬೇಕು. ವೇಗ ಏರಿದ ಮೇಲೆ ಕೆಳಗಿನ ಗೇರ್ ಬೀಳುವುದಿಲ್ಲ. ಬೀಳಿಸಲು ಹೋಗಿ ಗಾಡಿ ನ್ಯೂಟ್ರಲ್ಲಿನಲ್ಲಿ ಉಳಿದರೆ ಎಂಜಿನ್ನಿನ ಹಿಡಿತವೂ ತಪ್ಪಿತು, ಹೊಗೆ ಹೋಗುವ ದಾರಿ ತಡೆದು ಎಂಜಿನ್ ನಿಧಾನಿಸುವ ಎಕ್ಸಾಸ್ಟ್ ಬ್ರೇಕೂ ಕೆಲಸಕ್ಕೆ ಬಾರದಾಯಿತು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವರನ್ನು ನಾನು ಡ್ರೈವರ್ ಎಂದು ಕರೆಯುವುದಿಲ್ಲ. ಪೂರ್ತಿ ಲೋಡಿನಲ್ಲಿ ಘಾಟಿಯ ಕೆಳಗಿನ ಗುಂಡ್ಯದವರೆಗೆ ಸ್ಟೀರಿಂಗ್ ನನಗೇ ಕೊಟ್ಟ ದಿನ ಅವರು ಪಕ್ಕದಲ್ಲಿ ಕುಳಿತು ನೋಡುತ್ತಿದ್ದುದು ರಸ್ತೆಯನ್ನಲ್ಲ, ನನ್ನ ಬಲಗಾಲನ್ನು.

ವಾಪಸು ಲೋಡು ಹೆಚ್ಚಾಗಿ ಮಂಗಳೂರಿನ ಪಣಂಬೂರಿನ ಕಡೆಯಿಂದ ರಸಗೊಬ್ಬರ. ಟಾರ್ಪಾಲು ಕಟ್ಟುವುದನ್ನು ಕ್ಲೀನರಿಗೆ ಬಿಟ್ಟು ಚಹಾ ಕುಡಿಯಲು ಹೋಗುವವರಿದ್ದಾರೆ. ಯೂರಿಯಾ ಗಾಳಿಯ ತೇವವನ್ನೇ ಹೀರಿ ಗಟ್ಟಿಯಾಗುವ ವಸ್ತು, ಕರಾವಳಿಯ ಮಳೆಯಲ್ಲಿ ಒಂದು ಮೂಲೆ ಸಡಿಲವಾದರೂ ನೆನೆದ ಚೀಲಗಳ ಹಣ ಡ್ರೈವರಿನ ಲೆಕ್ಕಕ್ಕೆ ಬರುತ್ತದೆ. ಹಗ್ಗ ಬಿಗಿದ ಮೇಲೆ ಸ್ವಲ್ಪ ದೂರ ಓಡಿಸಿ, ಲೋಡು ಕುಳಿತುಕೊಂಡ ನಂತರ ಮತ್ತೊಮ್ಮೆ ಬಿಗಿಯುವುದು ನನ್ನ ಪದ್ಧತಿ.

ಸ್ವಂತವಾಗಿ ಗಾಡಿ ಹಿಡಿಯುವಾಗ ಮಾಲೀಕರ ಬಳಿ ಸಂಬಳಕ್ಕಿಂತ ಮೊದಲು ಇತರ ಮಾತುಗಳನ್ನು ಮುಗಿಸಿಕೊಂಡೆ. ಬ್ರೇಕ್ ಲೈನರ್ ಯಾವಾಗ ಬದಲಾಗಿದೆ, ಮುಂದಿನ ಟೈರುಗಳು ರಿಸೋಲ್ ಆದವೇ, ಅಂದರೆ ಸವೆದ ಮೇಲೆ ಹೊಸ ರಬ್ಬರ್ ಹಾಕಿದವೇ, ವಿಮೆ ಮತ್ತು ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರವಾದ ಎಫ್‌ಸಿ ಯಾವ ತಾರೀಖಿನವರೆಗಿವೆ ಎಂದು ಕೇಳಿದೆ. ಸರಕಿನ ಜೊತೆಗಿರಬೇಕಾದ ತೆರಿಗೆ ಪತ್ರವಾದ ಇ-ವೇ ಬಿಲ್ಲಿನ ಅವಧಿ ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನ. ಘಾಟಿ ಬಂದ್ ಆಗಿ ಮಳೆಗಾಲದಲ್ಲಿ ಸಕಲೇಶಪುರದಲ್ಲೇ ಉಳಿದರೆ ಅದನ್ನು ವಿಸ್ತರಿಸುವವರು ಯಾರೆಂಬುದು ಹೊರಡುವ ಮೊದಲೇ ತಿಳಿದಿರಬೇಕು. ಓವರ್‌ಲೋಡಿಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದ್ದು, ಹೇರಿಸಿದವರು ಎಲ್ಲೋ ಇದ್ದರೂ ಚೆಕ್ಕಿಂಗಿನಲ್ಲಿ ಸಿಗುವವನು ಓಡಿಸುವವನೇ. ಅದಕ್ಕಾಗಿ, ಲೋಡಾದ ಮೇಲೆ ಗಾಡಿ ತೂಗುವ ವೇಬ್ರಿಡ್ಜಿನ ಚೀಟಿ ನನ್ನ ಕೈಗೆ ಬರದೆ ಗಾಡಿ ಗೇಟು ದಾಟುವುದಿಲ್ಲ ಎಂಬ ಷರತ್ತು ಹಾಕಿದೆ. ಒಬ್ಬ ಮಾಲೀಕರು ಅದಕ್ಕೆ ಒಪ್ಪದೆ ಬೇರೆ ಡ್ರೈವರನ್ನು ನೋಡಿಕೊಂಡರು; ಎರಡನೆಯವರು ಒಪ್ಪಿದರು, ಈಗಲೂ ಅವರ ಗಾಡಿಯನ್ನೇ ಓಡಿಸುತ್ತಿದ್ದೇನೆ.